‘ಬಲಶಾಲಿಗಳೇ ಉಳಿಯಬೇಕು’ ಅಂತ ಡಾರ್ವಿನ್ ಹೇಳಿದ್ದರೇ?

ದುರ್ಬಲರಿಗೆ ಮರುಗುವುದು ಪ್ರಕೃತಿಗೇ ವಿರುದ್ಧ, ಹಾಗಂತ ಚಾರ್ಲ್ಸ್ ಡಾರ್ವಿನ್ ಹೇಳಿದ್ದಾರೆ ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು.

‘ಸರ್ವೈವಲ್ ಆಫ್ ದಿ ಫಿಟೆಸ್ಟ್’ (ಅತಿ ಯೋಗ್ಯರಾದವರ ಉಳಿವು) ಎಂಬ ಮಾತನ್ನು ಮೊದಲು ಬರೆದವರು ಇಂಗ್ಲಿಷ್ ಚಿಂತಕ ಹರ್ಬರ್ಟ್ ಸ್ಪೆನ್ಸರ್, 1864ರಲ್ಲಿ. ಡಾರ್ವಿನ್ ಆಮೇಲೆ ಅದನ್ನು ಬಳಸಿದರು, ನಿಜ. ಆದರೆ ಅವರ ಅರ್ಥ ತೋಳ್ಬಲವಲ್ಲ, ಪರಿಸರಕ್ಕೆ ಹೊಂದಿಕೊಳ್ಳುವುದು.

ಡಾರ್ವಿನ್ ಬರೆದ ‘ದಿ ಡಿಸೆಂಟ್ ಆಫ್ ಮ್ಯಾನ್’ ಪುಸ್ತಕ 1871ರಲ್ಲಿ ಬಂತು. ಒಬ್ಬರಿಗೊಬ್ಬರು ಮರುಗುವವರು ಜಾಸ್ತಿ ಇರುವ ಗುಂಪೇ ಚೆನ್ನಾಗಿ ಬೆಳೆಯುತ್ತದೆ ಎಂದು ಅದರಲ್ಲಿದೆ. ದುರ್ಬಲರನ್ನು ಕಾಪಾಡಿದರೆ ಮನುಷ್ಯಕುಲಕ್ಕೆ ಹಾನಿ ಎಂಬ ಆತಂಕವೂ ಅದೇ ಪುಸ್ತಕದಲ್ಲಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕೂಡಲೇ ಅವರು ಹೇಳುತ್ತಾರೆ: ಈ ಮರುಕವನ್ನು ಅದುಮಿದರೆ ನಮ್ಮೊಳಗಿನ ಅತ್ಯುತ್ತಮ ಗುಣವೇ ಕೆಡುತ್ತದೆ. ಫಾರ್ವರ್ಡ್‌ನಲ್ಲಿ ಬಿಟ್ಟುಹೋಗುವುದು ಈ ಸಾಲೇ.

ನೀವೇ ನೋಡಬಹುದು. ಪುಸ್ತಕ ಹಳೆಯದು, ಆನ್‌ಲೈನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ‘ಸಿಂಪತಿ’ (sympathy, ಅಂದರೆ ಮರುಕ) ಎಂದು ಹುಡುಕಿ, ಹಿಂದಿನ ಮುಂದಿನ ಪ್ಯಾರಾ ಓದಿ. ಪುಸ್ತಕದ ಹೆಸರು, ಅಧ್ಯಾಯ ಇಲ್ಲದ ಉಲ್ಲೇಖವನ್ನು ಸುಮ್ನೆ ನಂಬಬೇಡಿ.

ಇನ್ನೊಂದು ಮಾತು. ಪ್ರಕೃತಿಯಲ್ಲಿ ಏನು ನಡೆಯುತ್ತದೆ ಎಂಬುದರಿಂದ ನಾವು ಹೇಗೆ ನಡೆಯಬೇಕು ಎಂಬುದು ತಾನಾಗಿಯೇ ತೀರ್ಮಾನವಾಗುವುದಿಲ್ಲ, ಅಲ್ವಾ? ಕಾಯಿಲೆಯೂ ಪ್ರಕೃತಿಯದ್ದೇ, ಆದರೂ ಔಷಧಿ ಕೊಡುತ್ತೇವೆ.