ಬಚ್ಚಲಮನೆಯ ಗೈಡು

ಮೇ ತಿಂಗಳ ಕಲಬುರಗಿ. ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಹಂಚಿನ ಮೇಲಿನ ರೊಟ್ಟಿಗೂ ನಮಗೂ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ರೊಟ್ಟಿಯನ್ನಾದರೂ ಯಾರೋ ತಿರುವಿ ಹಾಕುತ್ತಾರೆ. ರಜೆಯಲ್ಲಿರುವ ಮಗನದು ಒಂದೇ ಹಟ: "ಆಡೋದಾದ್ರ ಏಸಿಯಾಗೇ."

ಒಂದು ಗೇಮ್ ಜೋನ್‌ಗೆ ಕರೆದೊಯ್ದೆ. ಬಾಗಿಲಲ್ಲೇ ತಡೆದರು. ಸಾಕ್ಸ್ ಇಲ್ಲದೆ ಒಳಗೆ ಬಿಡಲ್ಲವಂತೆ. ಚಪ್ಪಲಿಯೇ ಭಾರ ಅನ್ನಿಸುವ ಬಿಸಿಲಲ್ಲಿ ಸಾಕ್ಸ್! ಅವರ ಹತ್ತಿರವೇ ಎರಡು ಜೊತೆ ಕೊಂಡು, ಹಾಕಿಕೊಂಡು, ಟ್ರ್ಯಾಂಪೊಲಿನ್ ಮೇಲೆ ನಾಲ್ಕನೇ ಸಲ ಹಾರಿದೆ. ಕರೆಂಟ್ ಹೋಯಿತು. ಕತ್ತಲಲ್ಲಿ ನಾನು ಇಳಿದದ್ದು ಯಾರದೋ ಪಾಪ್‌ಕಾರ್ನ್ ಮೇಲೆ.

"ಬೀದರಿಗೆ ಹೋಗ್ರಿ," ಅಂದರು ಪಕ್ಕದ ಮನೆ ಕಾಕಾ. "ಕ್ವಾಟಿಯೊಳಗ ಮ್ಯೂಸಿಯಂ ಅದ. ಕತ್ತಿ, ತೋಪು, ಗುಂಡು. ಪೂರಾ ನೆರಳು!"

ಹೊಸ ರೈಲು ಮಾರ್ಗವಿದೆಯಲ್ಲ, 2017ರದ್ದು, ಸುಮ್ನೆ ಹತ್ತಿ ಕೂತೆವು. ಕೋಟೆ ಬಾಗಿಲಿನಿಂದ ಮ್ಯೂಸಿಯಂವರೆಗಿನ ಬಿಸಿಲನ್ನು ಮಾತ್ರ ಕಾಕಾ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಳಗೆ ಹೋದ ಮೇಲೆ ಹೆಂಡತಿ ಹೇಳಿದಳು: "ಇದು ಸುಲ್ತಾನರ ಬಚ್ಚಲಮನಿ ಇತ್ತಂತ್ರೀ." ನಾನು ಸ್ನಾನ ಮುಗಿಸಿಕೊಂಡೇ ಬಂದಿದ್ದೆ, ಅಂಗಿ ಹಿಂಡುವುದಷ್ಟೇ ಬಾಕಿ.

ಮಗ ಆಯುಧಗಳ ಮುಂದೆ ನಿಂತು ಆಕಳಿಸಿದ. ನನಗೆ ತಡೆಯಲಾಗಲಿಲ್ಲ. 1657ಕ್ಕೆ ಹೋದೆ. ಹೊರಗೆ ಔರಂಗಜೇಬನ ಸೈನ್ಯ, ಒಳಗೆ ಬಿಜಾಪುರದವರ ಕಡೆಯಿಂದ ಕೋಟೆ ಕಾಯುವ ಸಿದ್ದಿ ಮರ್ಜಾನ. ಬಂಡೆ ಕೊರೆದ ಕಂದಕ, ದಪ್ಪ ಗೋಡೆ, ಎಲ್ಲ ಸರಿ. ಆದರೆ ಒಂದು ಅಗ್ನಿಬಾಣ ಹಾರಿಬಂದು ಮದ್ದಿನ ರಾಶಿಗೇ ಬೀಳಬೇಕೇ! ಕೈ ಎತ್ತಿ "ಧಡಾಂ!" ಅಂದೆ. ಮರ್ಜಾನ ಆ ಗಾಯದಲ್ಲೇ ಸತ್ತ, ಕೋಟೆ ಕೈಬಿಟ್ಟಿತು.

"ಅಂದ್ರ ಅವಗ ಒಂದೇ ಲೈಫಾ?" ಅಂದ ಮಗ.

ಹಿಂದಿನಿಂದ ಚಪ್ಪಾಳೆ ಕೇಳಿಸಿತು. ತಿರುಗಿದರೆ ಎಂಟು ಜನ. "ಗೈಡ್ ಸಾಹೇಬ್ರ, ಮುಂದಿಂದು ತೋರಿಸ್ರಿ," ಅಂದರು ಅವರಲ್ಲಿ ಹಿರಿಯರು. ಅಲ್ಲ ಅನ್ನಬೇಕಿತ್ತು. ಸಾಹೇಬ್ರ ಅಂದುಬಿಟ್ಟರಲ್ಲ! ಮತ್ತೆ ಅದೇ ಬಿಸಿಲಿಗೆ ಇಳಿದು ರಂಗೀನ್ ಮಹಲಿನತ್ತ ನಡೆದು, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸದ ಬಗ್ಗೆ ಗಂಟಲು ಒಣಗುವವರೆಗೆ ಮಾತಾಡಿದೆ. ಹೋಗುವಾಗ ಅವರು ಐವತ್ತು ರೂಪಾಯಿ ಕೈಗಿಟ್ಟರು. ನಾನು ಬೇಡ ಅನ್ನುವ ಮೊದಲೇ ಹೆಂಡತಿ ಇಸಿದುಕೊಂಡಳು.

ಕಬ್ಬಿನ ಹಾಲು ಕುಡಿಯುತ್ತ ಮಗ ಲೆಕ್ಕ ಹಾಕುತ್ತಿದ್ದ. "ಅಪ್ಪಾ, ಸಾಕ್ಸಿನ ರೊಕ್ಕ ಇನ್ನೂ ಬಂದಿಲ್ಲ. ಆ ಕಡಿ ಒಂದು ಬಸ್ ನಿಂತದ ನೋಡು."