ಅಜ್ಜ ಬೇಕಾಗಿದ್ದಾನೆ

ಮಧ್ಯಯುಗದ ಯುರೋಪಿನಲ್ಲಿ ಪಕ್ಕದ ರಾಜ್ಯವನ್ನು ನುಂಗಲು ಕುದುರೆ, ಕತ್ತಿ ಇದ್ದರೆ ಸಾಲದು. ಮರ್ಯಾದಸ್ಥ ಮುತ್ತಾತನೊಬ್ಬನೂ ಬೇಕು. ಅವನು ಗ್ರೀಕ್ ಪುರಾಣದ ಟ್ರಾಯ್ ನಗರದವನಾದರೆ ಉತ್ತಮ. ಸುಟ್ಟುಹೋದ ಊರು, ಹೋಗಿ ವಿಚಾರಿಸುವವರಿಲ್ಲ. ಫ್ರಾನ್ಸಿಗೆ ಹೆಸರು ಕೊಟ್ಟ ಫ್ರಾಂಕರು 7ನೇ ಶತಮಾನದಲ್ಲೇ ಅಲ್ಲಿಂದ ಫ್ರಾನ್ಸಿಯೋ ಎಂಬುವನನ್ನು ತರಿಸಿಕೊಂಡಿದ್ದರು. ಬ್ರಿಟನ್ನಿನ ಪಾಲಿಗೆ ಬಂದವನು ಟ್ರಾಯ್‌ನ ವೀರ ಐನಿಯಾಸನ ಮರಿಮಗ ಬ್ರೂಟಸ್. ಸುಮಾರು 1136ರಲ್ಲಿ ಮಾನ್ಮತ್‌ನ ಜೆಫ್ರಿ ಎಂಬ ಪಾದ್ರಿ ಅವನ ಸಂಸಾರದ ವಿವರವನ್ನೆಲ್ಲ ಬರೆದಿಟ್ಟ. ಆಧಾರ? ‘ಅತಿ ಪ್ರಾಚೀನ ಪುಸ್ತಕ’ವೊಂದು. ಅದನ್ನು ಬೇರೆ ಯಾರೂ ಕಂಡಿಲ್ಲ.

ಇಂಗ್ಲೆಂಡಿನ ಒಂದನೇ ಎಡ್ವರ್ಡ್ 1291ರಲ್ಲಿ ಮಠಗಳಿಗೆ ಹುಕುಂ ಕಳಿಸಿದ: ಸ್ಕಾಟ್ಲೆಂಡಿನ ವಿಷಯ ನಿಮ್ಮ ಹಳೆಯ ಬರಹಗಳಲ್ಲಿ ಏನಿದೆ, ಹುಡುಕಿ ತೋರಿಸಿ. ದೊರೆ ಕೇಳಿದ ಮೇಲೆ ಸಿಗದೆ ಇರುತ್ತದೆಯೇ? ಮುಂದೆ 1299ರಲ್ಲಿ ಪೋಪ್ ಎಂಟನೇ ಬೋನಿಫೇಸ್ ‘ಸ್ಕಾಟ್ಲೆಂಡ್ ರೋಮಿನ ಚರ್ಚಿನದು’ ಎಂದು ತಗಾದೆ ತೆಗೆದ. ಅದಕ್ಕೆ 1301ರಲ್ಲಿ ಹೋದ ಎಡ್ವರ್ಡನ ಉತ್ತರ ಹೀಗಿದೆ: ಬ್ರೂಟಸ್ ದ್ವೀಪಕ್ಕೆ ಬಂದ, ಅಲ್ಲಿದ್ದ ದೈತ್ಯರನ್ನು ಕೊಂದ, ಮೂವರು ಮಕ್ಕಳಿಗೆ ಪಾಲು ಮಾಡಿಕೊಟ್ಟ. ಲೊಕ್ರೈನಸ್‌ಗೆ ಇಂಗ್ಲೆಂಡ್, ಆಲ್ಬನಾಕ್ಟಸ್‌ಗೆ ಸ್ಕಾಟ್ಲೆಂಡ್, ಕ್ಯಾಂಬರ್‌ಗೆ ವೇಲ್ಸ್. ರಾಜಪದವಿ ಮಾತ್ರ ಹಿರಿಯ ಲೊಕ್ರೈನಸನದು. ಆದಕಾರಣ ಸ್ಕಾಟ್ಲೆಂಡ್ ನಮ್ಮದು. (ದೈತ್ಯರ ವಾರಸುದಾರರಿಂದ ತಕರಾರು ಬಂದಂತಿಲ್ಲ.) ಎಡ್ವರ್ಡನ ಪೂರ್ವಿಕ ವಿಲಿಯಂ ನಾರ್ಮಂಡಿಯಿಂದ ಕಡಲು ದಾಟಿ ಬಂದದ್ದೇ 1066ರಲ್ಲಿ. ಹಾಗಿದ್ದರೆ ಬ್ರೂಟಸ್ ಇವನಿಗೆ ಯಾವ ಕಡೆಯ ನೆಂಟ ಎಂದು ಕೇಳಬಾರದು. ಜಮೀನು ಗೆದ್ದರೆ ಅದರ ಜೊತೆ ಅಜ್ಜನೂ ಕೈಸೇರುತ್ತಾನೆ.

ಸ್ಕಾಟರೇನು ಕಡಿಮೆ? ಪೋಪನ ಮುಂದೆ ಅವರ ಪರ ವಾದಿಸಿದ ಬಾಲ್ಡ್ರೆಡ್ ಬಿಸೆಟ್ ಅಜ್ಜನಿಗೆ ಎದುರಾಗಿ ಅಜ್ಜಿಯನ್ನೇ ತಂದು ನಿಲ್ಲಿಸಿದ. ಈಜಿಪ್ಟಿನ ಫೇರೋನ ಮಗಳು ಸ್ಕೋಟಾ! ನಮ್ಮ ನಾಡಿಗೆ ಹೆಸರು ಬಂದದ್ದೇ ಅವಳಿಂದ, ನಡುವೆ ನಿಮ್ಮ ಬ್ರೂಟಸ್ ಯಾರು? 1320ರಲ್ಲಿ ಸ್ಕಾಟರು ಇನ್ನೊಬ್ಬ ಪೋಪನಿಗೆ ಬರೆದ ಅರ್ಬ್ರೋತ್ ಪತ್ರದ ಹೊತ್ತಿಗೆ ಈ ಅಜ್ಜಿ ಮಾಯ. ಈಗ ಪೂರ್ವಿಕರು ಕಪ್ಪು ಸಮುದ್ರದ ಉತ್ತರಕ್ಕಿದ್ದ ಸಿಥಿಯಾದಿಂದ ಹೊರಟು ಸ್ಪೇನ್ ಸುತ್ತಿ ಬಂದವರು, ಸಾಲಾಗಿ 113 ರಾಜರು, ಒಬ್ಬನೂ ಹೊರಗಿನವನಲ್ಲ.

ಇವನ್ನೆಲ್ಲ ತೂಗಿ ನೋಡಬೇಕಾದ ಪೋಪನ ಬಳಿಯೂ ಒಂದು ಪತ್ರವಿತ್ತು. 4ನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ನಾಡುಗಳನ್ನೆಲ್ಲ ಪೋಪನಿಗೆ ಬರೆದುಕೊಟ್ಟ ದಾನಪತ್ರವಂತೆ. ತಯಾರಾದದ್ದು ಸುಮಾರು 8ನೇ ಶತಮಾನದಲ್ಲಿ. ಇಟಲಿಯ ವಿದ್ವಾಂಸ ಲೊರೆಂಜೊ ವಾಲ್ಲಾ 1440ರಲ್ಲಿ ಅದರ ಲ್ಯಾಟಿನ್ ಜಾಲಾಡಿ, ರೋಮಿನ ಅಧಿಕಾರಿಗಳ ನಡುವೆ ಪರ್ಷಿಯಾದ ಪ್ರಾಂತಾಧಿಕಾರಿಗಳಾದ ‘ಸತ್ರಪ’ರು ಹೇಗೆ ನುಸುಳಿದರು ಎಂದು ಕೇಳಿದ. ಆಗ ಅವನು ಪೋಪ್ ಜೊತೆ ಜಗಳದಲ್ಲಿದ್ದ ಅರಗಾನ್‌ನ ಅಲ್ಫೊನ್ಸೊ ರಾಜನ ಸಂಬಳದಲ್ಲಿದ್ದ. 1448ರಲ್ಲಿ ಪೋಪನ ಕಚೇರಿಯೇ ಅವನಿಗೆ ಕೆಲಸ ಕೊಟ್ಟಿತು, ದಸ್ತಾವೇಜು ಬರೆಯಲು.