ಆ ಸಕ್ಕಿಂಗ್ ಲಾರಿ ಎಲ್ಲಿಗೆ ಹೋಗುತ್ತದೆ?

ನಮ್ಮ ಕಡೆ ಪುರಸಭೆ ಚುನಾವಣೆ ಬಂತೆಂದರೆ ಒಂದು ಭರವಸೆ ಇದ್ದೇ ಇರುತ್ತದೆ: ಯುಜಿಡಿ, ಅಂದರೆ ನೆಲದಡಿ ಪೈಪ್ ಹಾಕುವ ಒಳಚರಂಡಿ, ಮಾಡಿಸುತ್ತೇವೆ. ಯುಜಿಡಿ ಬಂದರೆ ಊರು ಉದ್ಧಾರ ಅಂತ ಜನಕ್ಕೂ ನಂಬಿಕೆ. ನನಗೆ ಮಾತ್ರ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ ಅನ್ನಿಸುತ್ತದೆ. ನಮ್ಮ ಕಕ್ಕಸಿನ ಗುಂಡಿ, ಅಂದರೆ ಪಿಟ್, ಖಾಲಿ ಮಾಡಿಕೊಂಡು ಹೋದ ಲಾರಿ ಆಮೇಲೆ ಎಲ್ಲಿಗೆ ಹೋಗುತ್ತದೆ?

ಪಿಟ್ ತುಂಬಿದರೆ ಕರೆಂಟ್ ಕಂಬದ ಮೇಲೆ ಬರೆದಿರುವ ನಂಬರಿಗೆ ಫೋನ್ ಮಾಡುತ್ತೇವೆ. ಲಾರಿ ಬರುತ್ತದೆ. ಹುಡುಗರು ಚಪ್ಪಡಿ ಸರಿಸಿ ದಪ್ಪ ಪೈಪ್ ಇಳಿಸುತ್ತಾರೆ. ತಳದಲ್ಲಿ ಗಟ್ಟಿಯಾಗಿದ್ದರೆ ನಾಲ್ಕು ಬಿಂದಿಗೆ ನೀರು ಕೇಳುತ್ತಾರೆ. ಬೀದಿಯವರೆಲ್ಲ ಮೂಗು ಮುಚ್ಚಿಕೊಂಡು ಒಳಗೆ. ದುಡ್ಡು ಕೊಟ್ಟ ಮೇಲೆ ನಮಗೂ ಅದಕ್ಕೂ ಸಂಬಂಧ ಮುಗಿಯಿತು. ಲಾರಿ ಅದನ್ನು ಕೆರೆ ಅಂಗಳಕ್ಕೋ, ರಾಜಕಾಲುವೆಗೋ, ಯಾರದೋ ಹೊಲಕ್ಕೋ ಸುರಿದು ವಾಪಸ್ ಬರುತ್ತದೆ. ಡ್ರೈವರನ್ನು ಬೈದು ಏನು ಪ್ರಯೋಜನ? ಇಲ್ಲಿ ಸುರಿಯಪ್ಪಾ ಅಂತ ಅವನಿಗೆ ಯಾರಾದರೂ ಜಾಗ ತೋರಿಸಿದ್ದಾರಾ?

ದೇವನಹಳ್ಳಿಯಲ್ಲಿ ತೋರಿಸಿದರು. ಏರ್‌ಪೋರ್ಟ್ ಪಕ್ಕದಲ್ಲೇ ಇದ್ದರೂ ಆಗ ಆ ಊರಿಗೆ ಯುಜಿಡಿ ಇರಲಿಲ್ಲ. 2015ರಲ್ಲಿ ಪಿಟ್‌ಗಳ ಮಲತ್ಯಾಜ್ಯಕ್ಕೆ ಅಂತಲೇ ಒಂದು ಘಟಕ ಶುರುವಾಯಿತು. ಬೆಂಗಳೂರಿನ ಸಿಡಿಡಿ ಸೊಸೈಟಿ ಅನ್ನುವ ಸ್ವಯಂಸೇವಾ ಸಂಸ್ಥೆ ಪುರಸಭೆಯ ಜೊತೆ ಸೇರಿ ಮಾಡಿದ್ದು. ದಿನಕ್ಕೆ 6,000 ಲೀಟರ್, ಅಂದರೆ ಒಂದೆರಡು ಲೋಡ್ ಅಷ್ಟೇ. ಸುರಿದದ್ದರಲ್ಲಿ ಬಟ್ಟೆ, ಪ್ಲಾಸ್ಟಿಕ್ ಜಾಲರಿಯಲ್ಲಿ ನಿಲ್ಲುತ್ತದೆ. ಗಟ್ಟಿ ಭಾಗ ತೊಟ್ಟಿಯಲ್ಲಿ ಕೊಳೆತು, ಆಮೇಲೆ ಒಣಗುತ್ತದೆ. ನೀರು ಜಲ್ಲಿ, ಗಿಡದ ಬೇರುಗಳ ನಡುವೆ ಸೋಸಿಕೊಂಡು ಹೋಗುತ್ತದೆ. ಒಣಗಿದ್ದಕ್ಕೆ ಊರಿನ ಹಸಿ ಕಸ ಬೆರೆಸಿದರೆ ಗೊಬ್ಬರ. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ಹಾಗಾಗಿಯೇ ಉದ್ಘಾಟನೆಗೆ ಕಳೆ ಕಟ್ಟುವುದಿಲ್ಲವೇನೋ!

ಯುಜಿಡಿ ಬೇಡ ಅನ್ನುತ್ತಿಲ್ಲ. ಆದರೆ ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಅನ್ನುತ್ತದೆ ಕೇಂದ್ರ ಸರ್ಕಾರದ ಕೈಪಿಡಿ. ಪೈಪಿನಲ್ಲಿ ಹೊಲಸು ಮುಂದಕ್ಕೆ ಹೋಗಬೇಕಲ್ವಾ? ನಲ್ಲಿಯಲ್ಲಿ ನೀರು ಬರುವುದೇ ವಾರಕ್ಕೊಮ್ಮೆ ಅಂದರೆ ಆ ಪೈಪ್ ಕಟ್ಟಿಕೊಳ್ಳದೆ ಇನ್ನೇನಾಗುತ್ತದೆ? ಸಾಮಾನ್ಯವಾಗಿ ಪೈಪ್ ಹಾಕುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಹಾಕಿ ಪುರಸಭೆಗೆ ಒಪ್ಪಿಸುತ್ತದೆ. ಕೊನೆಗೆ ಪಂಪಿನ ಕರೆಂಟ್ ಬಿಲ್ಲು, ಕಟ್ಟಿಕೊಂಡ ಪೈಪ್ ಬಿಡಿಸುವ ಜೆಟ್ಟಿಂಗ್ ಮಷಿನ್, ಆಪರೇಟರ್ ಸಂಬಳ ಎಲ್ಲ ಪುರಸಭೆಯ ತಲೆ ಮೇಲೆ.

ಕಟ್ಟಿಕೊಂಡಾಗ ಯಾರನ್ನಾದರೂ ಒಳಗೆ ಇಳಿಸಿಬಿಡುತ್ತಾರೆ. ರಕ್ಷಣೆ ಇಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಪಿಟ್‌ಗೂ ಇದು ಅನ್ವಯಿಸುತ್ತದೆ, ಮ್ಯಾನ್‌ಹೋಲ್‌ಗೂ. ಸತ್ತರೆ ಕುಟುಂಬಕ್ಕೆ 10 ಲಕ್ಷ ಇದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ಮಾಡಿತು. ಆದರೂ ಇಳಿಸುವುದು ನಿಂತಿಲ್ಲ.

ಈಗ ಬೇರೆ ಊರುಗಳಲ್ಲೂ ದೇವನಹಳ್ಳಿಯಂಥ ಘಟಕ ಬರುತ್ತಿವೆ. ಸಂತೋಷ. ಆದರೆ ಸುಮ್ನೆ ಕಟ್ಟಿ ಬೋರ್ಡ್ ಹಾಕಿದರೆ ಲಾರಿ ಅಲ್ಲಿಗೆ ಬರುವುದಿಲ್ಲ. ಘಟಕ ದೂರ, ಕೆರೆ ಹತ್ತಿರ ಅಂದರೆ ಡ್ರೈವರ್ ಡೀಸೆಲ್ ಲೆಕ್ಕ ಹಾಕಿಯೇ ಹಾಕುತ್ತಾನೆ. ಅವನು ಘಟಕಕ್ಕೆ ತಂದು ಸುರಿದ ಪ್ರತಿ ಲೋಡಿಗೂ ಪುರಸಭೆಯೇ ದುಡ್ಡು ಕೊಡಲಿ. ಆಗ ಕೆರೆ ಕಡೆ ಯಾಕೆ ತಿರುಗುತ್ತಾನೆ? ಆ ದುಡ್ಡನ್ನು ನಮ್ಮ ಮನೆ ಕಂದಾಯಕ್ಕೆ ಸೇರಿಸಲಿ, ನನ್ನದೇನೂ ತಕರಾರಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಸರದಿ ಪ್ರಕಾರ ಪುರಸಭೆಯವರೇ ಬಂದು ಪಿಟ್ ಖಾಲಿ ಮಾಡಿಕೊಂಡು ಹೋಗಲಿ. ಹಬ್ಬದ ದಿನ ಬಚ್ಚಲು ಉಕ್ಕಿದ ಮೇಲೆ ಕಂಬದ ನಂಬರ್ ಹುಡುಕುವುದಾದರೂ ತಪ್ಪುತ್ತದೆ.